ಜೇಬುದಾರಿ

ಮನಿಕಾರಾಗುವಾ, ಕ್ಯೂಬಾ
6 ಫೆಬ್ರುವರಿ 2023

ಮಾನ್ಯ ಲಿಸಾಂದ್ರೋ ಬೆಲ್ಮೋಂತೆ ಅವರಿಗೆ,

ನಿಮ್ಮ ಒರ್ನೇರೋ ಪ್ರೋಗ್ರಾಮಿನಲ್ಲಿ ಒಂದು ದೋಷವಿದೆ ಎಂದು ಜನವರಿಯಲ್ಲಿ ನಿಮ್ಮ ಪುಟದಲ್ಲಿ ಬರೆದಿದ್ದೆ. ನೀವು ಇನ್ನಷ್ಟು ವಿವರ ಕೇಳಿದ್ದಿರಿ. ನಾನು ಅದನ್ನು ನೋಡುವ ಹೊತ್ತಿಗೆ ನಿಮ್ಮ ರೋಬೋಟ್ ಬಂದು, 'ಹದಿನಾಲ್ಕು ದಿನಗಳಿಂದ ಚಟುವಟಿಕೆ ಇಲ್ಲದ ಕಾರಣ ಈ ದೂರನ್ನು ಮುಚ್ಚಲಾಗಿದೆ, ನಿಮ್ಮ ಆಸಕ್ತಿಗೆ ವಂದನೆಗಳು' ಎಂದು ಹೇಳಿ ಬಾಗಿಲು ಹಾಕಿಕೊಂಡು ಹೋಗಿತ್ತು. ಚಟುವಟಿಕೆ ಇರಲಿಲ್ಲ, ನಿಜ. ನಮ್ಮಲ್ಲಿ ಕರೆಂಟೇ ಇರಲಿಲ್ಲ. ಕರೆಂಟು ಬಂದಾಗ ಇಂಟರ್ನೆಟ್ ಇರಲಿಲ್ಲ. ಎರಡೂ ಬಂದ ದಿನ ನಿಮ್ಮ ಪುಟ ತೆರೆದುಕೊಳ್ಳಲು ಹನ್ನೊಂದು ನಿಮಿಷ ತೆಗೆದುಕೊಂಡಿತು. ನಿಮ್ಮ ಇಮೇಲ್ ವಿಳಾಸ ಕೋಡಿನ ಮೊದಲ ಸಾಲಿನಲ್ಲೇ ಸಿಕ್ಕಿತು. ಅಲ್ಲಿಗೆ ರೋಬೋಟ್ ಇನ್ನೂ ಬಂದಿಲ್ಲ ಎಂಬ ಧೈರ್ಯದಿಂದ ನೇರವಾಗಿ ಬರೆಯುತ್ತಿದ್ದೇನೆ.

ದೋಷ ಇರುವುದು ಜೇಬುದಾರಿಯಲ್ಲಿ. ಒರ್ನೇರೋ ದೊಡ್ಡ ಕಡತವನ್ನು ಚೂರು ಮಾಡಿ ತಂತಿಯ ಮೂಲಕ, ಅಂದರೆ ಇಂಟರ್ನೆಟ್ಟಿನಲ್ಲಿ, ಕಳಿಸುವುದನ್ನು ಎಲ್ಲರೂ ಹೊಗಳುತ್ತಾರೆ. ತಂತಿ ಇಲ್ಲದ ಕಡೆ ಅವೇ ಚೂರುಗಳನ್ನು ಪೆನ್‌ಡ್ರೈವಿಗೆ ತುಂಬಿ, ಯಾರದೋ ಜೇಬಿನಲ್ಲಿ ಹಾಕಿ ಕಳಿಸಿ, ಆ ಕಡೆ ಜೋಡಿಸಿಕೊಳ್ಳಬಹುದು ಎನ್ನುವುದನ್ನು ಮಾತ್ರ ಯಾರೂ ಹೊಗಳುವುದಿಲ್ಲ. ನನಗೆ ಬೇಕಾದದ್ದು ಅದೇ. ತುಂಬುತ್ತಿರುವಾಗ ಯಾರಾದರೂ ಅವಸರದಲ್ಲಿ ಪೆನ್‌ಡ್ರೈವ್ ಕಿತ್ತರೆ, ಕೊನೆಯ ಚೂರು ಬಾರದಿದ್ದರೂ ಬಂದಿದೆ ಎಂದು ನಿಮ್ಮ ಪ್ರೋಗ್ರಾಮ್ ಸುಳ್ಳು ಹೇಳುತ್ತದೆ. ಆರು ಸಾಲಿನ ತಿದ್ದುಪಡಿ ಇದರ ಜೊತೆ ಇಟ್ಟಿದ್ದೇನೆ.

ನನಗೆ ಐವತ್ತೊಂಬತ್ತು ವರ್ಷ. ಮೂವತ್ತೊಂದು ವರ್ಷ ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಕಾರ್ಖಾನೆ ಮುಚ್ಚಿತು, ನಾನು ಮುಚ್ಚಿಲ್ಲ. ಈಗ ಊರಿನವರ ಕಂಪ್ಯೂಟರು ರಿಪೇರಿ ಮಾಡುತ್ತೇನೆ.

ನಿಮ್ಮ ರೋಬೋಟಿಗೆ ನನ್ನ ನಮಸ್ಕಾರ ತಿಳಿಸಿ.

ಒದಾಲಿಸ್ ಪೆದ್ರೋಸೋ


ರೊಸಾರಿಯೋ, ಅರ್ಜೆಂಟೀನಾ
7 ಫೆಬ್ರುವರಿ 2023

ದೋನ್ಯಾ ಒದಾಲಿಸ್ ಅವರಿಗೆ,

ತಿದ್ದುಪಡಿ ಸೇರಿಸಿದ್ದೇನೆ. ಆರು ಸಾಲಿನಲ್ಲಿ ಒಂದನ್ನೂ ಮುಟ್ಟಬೇಕಾಗಲಿಲ್ಲ. ಪತ್ರದಲ್ಲಿ ತಿದ್ದುಪಡಿ ಬಂದು ಆರು ವರ್ಷವಾಗಿತ್ತು. ಓದುತ್ತಾ ನಗುತ್ತಿದ್ದೆ. ನನ್ನ ಹೆಂಡತಿ ಕಾಂದೆಲಾ ಯೆರ್ಬಾ ಎಲೆಯ ಚಹಾ ತುಂಬಿದ ಸೋರೆಬುರುಡೆ ಕೈಗೆ ಕೊಡುತ್ತಾ, "ಏನೋ ಇದು, ಪ್ರೇಮಪತ್ರ ಬಂದವನ ಥರ ಹಲ್ಲು ಬಿಡ್ತಿದ್ದೀಯ?" ಎಂದಳು. "ಐವತ್ತೊಂಬತ್ತು ವರ್ಷದವರು ಕಣೇ" ಎಂದೆ. "ಹಾಗಾದ್ರೆ ಬುದ್ಧಿ ಇರೋರು, ಉತ್ತರ ಬರಿ" ಎಂದಳು.

ಆ ರೋಬೋಟನ್ನು ಸಾಕಿದವನು ನಾನೇ. ಬೈಯಬೇಡಿ. ಹಗಲು ನಾನು ಬಂದರಿನ ಗೋದಾಮುಗಳಿಗೆ ಪ್ರೋಗ್ರಾಮ್ ಬರೆಯುವ ಕಂಪನಿಯಲ್ಲಿರುತ್ತೇನೆ. ಒರ್ನೇರೋ ನೋಡಿಕೊಳ್ಳುವುದು ಉಳಿದ ಹೊತ್ತಿನಲ್ಲಿ, ನಾನೊಬ್ಬನೇ. ದಿನಕ್ಕೆ ಹತ್ತು ಜನ ಹೆಸರು ಹೇಳದೆ ಬಂದು 'ಇದು ತುರ್ತು' ಎನ್ನುತ್ತಾರೆ. ಮುಕ್ತ ತಂತ್ರಾಂಶ ಎಂದರೆ ಬಾಗಿಲು ತೆರೆದಿದೆ ಎಂದು, ನಿಜ. ಯಾರು ಬೇಕಾದರೂ ಕಾಲು ಒರೆಸಿಕೊಳ್ಳದೆ ಅಡುಗೆಮನೆಗೆ ನುಗ್ಗಿ 'ಊಟ ಯಾಕೆ ಆಗಿಲ್ಲ' ಎಂದು ಕೇಳಬಹುದು ಎಂದಲ್ಲ. ನೀವು ಕಾಲು ಒರೆಸಿಕೊಂಡು ಬಂದಿರಿ, ಕೈಯಲ್ಲಿ ಅಡುಗೆಯನ್ನೂ ತಂದಿರಿ.

ಇನ್ನು ಮುಂದೆ ಪುಟದ ಗೊಡವೆ ಬೇಡ. ಹೀಗೇ ಬರೆಯಿರಿ.

ಲಿಸಾಂದ್ರೋ


ಮನಿಕಾರಾಗುವಾ
2 ಮಾರ್ಚ್ 2023

ಪ್ರಿಯ ಲಿಸಾಂದ್ರೋ,

ನಿನ್ನ ಪುಟ ನೋಡಿ, ನೀನು ನನ್ನ ಮಗನಿಗಿಂತ ಚಿಕ್ಕವನು ಎಂದು ಲೆಕ್ಕ ಹಾಕಿದೆ. ಇನ್ನು 'ನೀವು' ಎನ್ನಲು ನನ್ನಿಂದಾಗದು.

ಹೊಸ ತಿದ್ದುಪಡಿ ಎರಡಿವೆ. ಅದರ ಜೊತೆ ಒಂದಿಷ್ಟು ಬೈಗುಳವೂ ಇದೆ, ನಿನಗಲ್ಲ. ಕಳೆದ ವಾರ ಪಕ್ಕದ ಮನೆಯ ಶಿಕ್ಷಕರು ಹೊಸ ಕೋಡ್ ಎಡಿಟರ್ ಒಂದನ್ನು ತಂದುಕೊಟ್ಟರು. ತೆರೆದರೆ ಮೊದಲು ಖಾತೆ ಕೇಳಿತು. ಆಮೇಲೆ ಹೊಸ ಆವೃತ್ತಿ ಬಂದಿದೆ, ಇಳಿಸಿಕೊಳ್ಳಲೇ ಎಂದಿತು. ಆಮೇಲೆ, ಇಂಟರ್ನೆಟ್ ಇಲ್ಲ, ಆದ್ದರಿಂದ ಸಹಾಯ ಪುಟ ತೋರಿಸಲಾರೆ ಎಂದು ಕ್ಷಮೆ ಕೇಳಿತು. ಇಷ್ಟು ವಿನಯ ನನಗೆ ಯಾಕೆ? ಸುತ್ತಿಗೆ ಕೈಗೆ ತೆಗೆದುಕೊಂಡರೆ ಅದು ಮೊಳೆ ಹೊಡೆಯಬೇಕು. ನನ್ನ ಪ್ರಕಾರ ಒಳ್ಳೆಯ ಉಪಕರಣಕ್ಕೆ ಮೂರೇ ಗುಣ ಸಾಕು. ಕರೆಂಟು ಹೋಗಿ ಬಂದರೆ ಬಿಟ್ಟಲ್ಲಿಂದ ಶುರು ಮಾಡಬೇಕು. ತನ್ನನ್ನು ಬಳಸುವುದು ಹೇಗೆ ಎನ್ನುವುದನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿರಬೇಕು. ತಪ್ಪಾದಾಗ ಏನು ತಪ್ಪಾಯಿತು ಎಂದು ಮನುಷ್ಯರ ಭಾಷೆಯಲ್ಲಿ ಹೇಳಬೇಕು. ನಿನ್ನ ಒರ್ನೇರೋದಲ್ಲಿ ಮೊದಲ ಎರಡಿವೆ. ಮೂರನೆಯದಕ್ಕೆ ನನ್ನ ತಿದ್ದುಪಡಿ ನೋಡು. 'ದೋಷ 17' ಎಂದರೆ ಯಾರಿಗೆ ಏನು ತಿಳಿಯಬೇಕು, ಮಗನೇ?

ಕಾಂದೆಲಾಗೆ ಹೇಳು, ಬುದ್ಧಿ ಇರುವವಳು ಎಂದದ್ದಕ್ಕೆ ನಾನು ಒಂದು ವಾರ ಬೀಗಿದೆ.

ಒದಾಲಿಸ್


ರೊಸಾರಿಯೋ
19 ಜೂನ್ 2023

ದೋನ್ಯಾ ಒದಾಲಿಸ್,

ತಡವಾಯಿತು. ಕೆಲಸ ಹೆಚ್ಚಾಗಿತ್ತು. ನಿಮ್ಮ ಎರಡೂ ತಿದ್ದುಪಡಿ ಸೇರಿದವು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆಗಸ್ಟ್‌ನಲ್ಲಿ ಬರುವ ನಾಲ್ಕನೇ ಆವೃತ್ತಿಯಲ್ಲಿ ಜೇಬುದಾರಿ ಇರುವುದಿಲ್ಲ. ಹೋದ ವರ್ಷ ಪ್ರೋಗ್ರಾಮಿಗೆ ಒಂದು ಎಣಿಕೆ ಸೇರಿಸಿದ್ದೆ. ಒಪ್ಪಿದವರ ಯಂತ್ರಗಳು ಯಾವ ದಾರಿ ಬಳಸಿದವು ಎನ್ನುವುದನ್ನು ಮಾತ್ರ ನನಗೆ ತಿಳಿಸುತ್ತವೆ. ಒಂದು ವರ್ಷದಲ್ಲಿ ತಂತಿದಾರಿ ನಲವತ್ತು ಸಾವಿರ ಸಲ, ಜೇಬುದಾರಿ ಎರಡು ಸಲ. ಆ ಎರಡೂ ನಾನೇ ಪರೀಕ್ಷೆಗೆ ಮಾಡಿದ್ದು. ಯಾರೂ ನಡೆಯದ ದಾರಿಯನ್ನು ಗುಡಿಸಿಕೊಂಡು ಕೂರಲು ನನಗೆ ಹೊತ್ತಿಲ್ಲ.

ನಿಮಗೆ ಬೇಸರವಾಗುತ್ತದೆ ಎಂದು ಗೊತ್ತು. ಆದರೂ ಅಂಕಿಯ ಜೊತೆ ಜಗಳವಾಡಲಾಗುವುದಿಲ್ಲ.

ಲಿಸಾಂದ್ರೋ


ಮನಿಕಾರಾಗುವಾ
11 ಜುಲೈ 2023

ಲಿಸಾಂದ್ರೋ,

ಅಂಕಿಯ ಜೊತೆ ಜಗಳವಾಡಲು ನಾನು ಸಿದ್ಧ. ಮೂವತ್ತೊಂದು ವರ್ಷ ಸಂಬಳ ತೆಗೆದುಕೊಂಡಿದ್ದೇ ಅದಕ್ಕೆ.

ನಿನ್ನ ಎಣಿಕೆ ನಿನ್ನನ್ನು ತಲುಪುವುದು ಯಾವುದರಿಂದ? ತಂತಿಯಿಂದ. ಜೇಬುದಾರಿ ಬಳಸುವವರು ಯಾರು? ತಂತಿ ಇಲ್ಲದವರು. ಶಾಲೆಯಲ್ಲಿ ಮೇಷ್ಟ್ರು 'ಇವತ್ತು ಬಾರದವರು ಕೈ ಎತ್ತಿ' ಎಂದು ಕೇಳಿ, ಒಂದು ಕೈಯೂ ಏಳಲಿಲ್ಲ, ಹಾಗಾಗಿ ಎಲ್ಲರೂ ಬಂದಿದ್ದಾರೆ ಎಂದು ಬರೆದುಕೊಂಡ ಹಾಗಾಯಿತು ಇದು. ನೀನು ಜಾಣ. ಜಾಣರೇ ಮಾಡುವ ತಪ್ಪು ಇದು. ದಡ್ಡರಾಗಿದ್ದರೆ ಎಣಿಸಲು ಹೋಗದೆ ಯಾರನ್ನಾದರೂ ಕೇಳುತ್ತಿದ್ದರು.

ಜೇಬುದಾರಿ ತೆಗೆಯಬೇಡ. ಸರಿಪಡಿಸುವ ಕೆಲಸ ನಾನು ಮಾಡುತ್ತೇನೆ, ನಿನ್ನ ಹೊತ್ತು ಕೇಳುವುದಿಲ್ಲ.

ಒದಾಲಿಸ್


ರೊಸಾರಿಯೋ
12 ಜುಲೈ 2023

ದೋನ್ಯಾ ಒದಾಲಿಸ್,

'ನಾನು ಮಾಡುತ್ತೇನೆ' ಎಂದು ಈ ಒಂಬತ್ತು ವರ್ಷಗಳಲ್ಲಿ ನನಗೆ ಹೇಳಿದವರು ನೂರಾರು. ಎರಡು ತಿಂಗಳು ಮಾಡುತ್ತಾರೆ. ಆಮೇಲೆ ಮದುವೆ, ಮಗು, ಹೊಸ ಕೆಲಸ. ಅವರು ಬಿಟ್ಟುಹೋದ ಕೋಡಿಗೆ ಬೈಗುಳ ತಿನ್ನುವವನು ನಾನು.

ನೀವು ತತ್ತ್ವ ಹೇಳುತ್ತಿದ್ದೀರಿ. ತತ್ತ್ವ ಹೇಳುವವರಿಗೆ ನನ್ನ ಪುಟದಲ್ಲಿ ಬರವಿಲ್ಲ. ಜೇಬುದಾರಿ ಯಾರು ಬಳಸುತ್ತಾರೆ? ಒಂದೇ ಒಂದು ಹೆಸರು ಹೇಳಿ, ನಾನು ಉಳಿಸುತ್ತೇನೆ. ಹೇಳಲು ಹೆಸರಿಲ್ಲದಿದ್ದರೆ ದಯವಿಟ್ಟು ನನ್ನನ್ನು ಬಿಟ್ಟುಬಿಡಿ.

ಲಿಸಾಂದ್ರೋ


ಮನಿಕಾರಾಗುವಾ
30 ಆಗಸ್ಟ್ 2023

ಮಾನ್ಯ ಲಿಸಾಂದ್ರೋ ಬೆಲ್ಮೋಂತೆ ಅವರಿಗೆ,

ಒರ್ನೇರೋದ ಪರವಾನಗಿಯ ಪ್ರಕಾರ ಅದರ ಮೂರನೇ ಆವೃತ್ತಿಯಿಂದ ನಾನು ಒಂದು ಕವಲು, ಅಂದರೆ ನಾನೇ ನೋಡಿಕೊಳ್ಳುವ ಬೇರೆ ಪ್ರತಿ, ತೆಗೆದಿದ್ದೇನೆ. ಜೇಬುದಾರಿ ಅದರಲ್ಲಿ ಉಳಿದಿರುತ್ತದೆ. ನಿಮ್ಮ ಹೆಸರು ಪ್ರತಿ ಕಡತದ ಮೊದಲ ಸಾಲಿನಲ್ಲಿ ಮೊದಲಿನಂತೆಯೇ ಇದೆ. ಜೇಬುದಾರಿಯ ಬಗ್ಗೆ ದೂರುಗಳು ಬಂದರೆ ಇನ್ನು ಮುಂದೆ ನನ್ನ ಕಡೆಗೆ ತಿರುಗಿಸಬೇಕೆಂದು ಕೋರುತ್ತೇನೆ. ನಿಮಗೆ ಹೊರೆಯಾಗಬಾರದು.

ಒದಾಲಿಸ್ ಪೆದ್ರೋಸೋ


ರೊಸಾರಿಯೋ
30 ಆಗಸ್ಟ್ 2023

ಅಭಿನಂದನೆಗಳು. ಪರವಾನಗಿ ಇರುವುದೇ ಅದಕ್ಕೆ. ಯಾರೂ ಯಾರ ಒಪ್ಪಿಗೆಯನ್ನೂ ಕೇಳಬೇಕಾಗಿಲ್ಲ, ಯಾರೂ ಯಾರಿಗೂ ವಿವರಿಸಬೇಕಾಗಿಲ್ಲ.

ಲಿ. ಬೆಲ್ಮೋಂತೆ


ಮನಿಕಾರಾಗುವಾ
14 ನವೆಂಬರ್ 2023

ಮಗನೇ ಲಿಸಾಂದ್ರೋ,

ನಿನ್ನ ಎರಡು ಸಾಲಿನ ಪತ್ರವನ್ನು ಹನ್ನೊಂದು ವಾರ ಇಟ್ಟುಕೊಂಡೆ. ಪ್ರತಿ ಸಲ ಓದಿದಾಗಲೂ ಬೇರೆ ಅರ್ಥ ಹೊಳೆಯಿತು, ಒಂದೂ ಚೆನ್ನಾಗಿರಲಿಲ್ಲ. ಈಗ ನಾನು ಹೇಳಬೇಕಾದದ್ದನ್ನೆಲ್ಲ ಹೇಳಿಬಿಡುತ್ತೇನೆ.

ನೀನು ಒಂದು ಹೆಸರು ಕೇಳಿದ್ದೆ. ಹೆಸರು ಇತ್ತು, ಹೇಳುವ ಹಾಗಿರಲಿಲ್ಲ. ನಮ್ಮ ಊರಿನ ಮೇಲಿನ ಬೆಟ್ಟದಲ್ಲಿ ಹದಿನೇಳು ಸಣ್ಣ ಚಿಕಿತ್ಸಾಲಯಗಳಿವೆ. ಒಬ್ಬ ಡಾಕ್ಟರು, ಒಬ್ಬ ನರ್ಸು, ಒಂದು ಹಳೇ ಲ್ಯಾಪ್‌ಟಾಪು. ತಂತಿ ಇಲ್ಲ. ಯಾವ ಮಗುವಿಗೆ ಯಾವ ಲಸಿಕೆ ಆಯಿತು ಎನ್ನುವ ಪಟ್ಟಿ ಸೋಮವಾರ, ಶುಕ್ರವಾರ ಎವೆಲಿಯೋನ ಹಾಲಿನ ಟ್ರಕ್ಕಿನಲ್ಲಿ ಪೆನ್‌ಡ್ರೈವ್ ಮೇಲೆ ಇಳಿದು ಬರುತ್ತದೆ. ಮೂರು ವರ್ಷದಿಂದ ಆ ಪಟ್ಟಿಗಳನ್ನು ಜೋಡಿಸುವುದು ನಿನ್ನ ಜೇಬುದಾರಿ. ಇದನ್ನು ನಾನು ಯಾರ ಅನುಮತಿಯನ್ನೂ ಪಡೆಯದೆ ಶುರು ಮಾಡಿದ್ದೆ. ಅನುಮತಿಗೆ ಆರೋಗ್ಯ ಇಲಾಖೆಗೆ ಅರ್ಜಿ ಕೊಟ್ಟಿದ್ದೆ, ಪತ್ರ ಬಂದಿರಲಿಲ್ಲ. ನಾನು ಏನು ಹೇಳಿದರೂ ನೀನು ಅದನ್ನು ಜೇಬುದಾರಿ ಉಳಿಸಿದ್ದಕ್ಕೆ ಕಾರಣ ಎಂದು ಎಲ್ಲರೂ ಓದುವ ಪುಟದಲ್ಲಿ ಹಾಕುತ್ತಿದ್ದೆ, ಅದು ನಿನ್ನ ಪದ್ಧತಿ. ಅದಕ್ಕೇ ತತ್ತ್ವ ಮಾತಾಡಿದೆ. ಅನುಮತಿ ಪತ್ರ ಹೋದ ಗುರುವಾರ ಬಂತು. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ಅಕ್ಟೋಬರ್‌ನಲ್ಲಿ ಏನಾಯಿತು ಕೇಳು. ಆ ಬೆಟ್ಟದ ಹಿಬಾಕೋವಾ ಚಿಕಿತ್ಸಾಲಯದ ನರ್ಸು ನೀವಿಯಾ ತಂಗಿಯ ಮದುವೆಗೆ ಸಾಂತಾ ಕ್ಲಾರಾಗೆ ಹೋಗುವಾಗ ಹಾಡು ಕೇಳಿಸಲು ಚಿಕಿತ್ಸಾಲಯದ ಲ್ಯಾಪ್‌ಟಾಪನ್ನೇ ಹೊತ್ತೊಯ್ದಳು. ಅಲ್ಲಿ ಇಂಟರ್ನೆಟ್ ಇತ್ತು. 'ಹೊಸ ಆವೃತ್ತಿ ಬೇಕೇ?' ಎಂದು ನಿನ್ನ ಪ್ರೋಗ್ರಾಮ್ ಕೇಳಿದ್ದಕ್ಕೆ ಮದುಮಗನ ಕಡೆಯವನು ಯಾರೋ 'ಹೂಂ' ಒತ್ತಿದ. ಬೆಟ್ಟಕ್ಕೆ ವಾಪಸು ಬಂದು ನೋಡಿದರೆ ಜೇಬುದಾರಿಯೇ ಇಲ್ಲ. ಎರಡು ವಾರ ಖಾಲಿ ಪೆನ್‌ಡ್ರೈವ್ ಮೇಲೆ ಕೆಳಗೆ ಓಡಾಡಿತು. ಕೊನೆಗೆ ನೀವಿಯಾ ಲಸಿಕೆ ಪುಸ್ತಕವನ್ನು ಎದೆಗವಚಿಕೊಂಡು ಹಾಲಿನ ಕ್ಯಾನುಗಳ ನಡುವೆ ಕೂತು ತಾನೇ ಇಳಿದು ಬಂದಳು. "ಒದಾಲಿಸಕ್ಕಾ, ನಿಮ್ ಅರ್ಜೆಂಟೀನಾದವನಿಗೆ ಹೇಳಿ, ನನ್ ಬೆನ್ನು ಹೋಯ್ತು!" ಎಂದು ಬಾಗಿಲಲ್ಲೇ ಕೂಗಿದಳು. "ಏಯ್, ನಿನ್ ಬೆನ್ನು ಹೋಗಿದ್ದು ಮದ್ವೇಲಿ ಕುಣಿದು" ಎಂದ ಎವೆಲಿಯೋ. ಅರವತ್ತನಾಲ್ಕು ಮಕ್ಕಳ ಹೆಸರನ್ನು ನೀವಿಯಾಳೂ ನಾನೂ ಕೂತು ಕೈಯಲ್ಲಿ ಸೇರಿಸಿದೆವು. ಅದೇ ದಿನ ನನ್ನ ಕವಲನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕಳಿಸಿದೆ. ಈಗ ಸರಿಯಿದೆ. ಯಾರಿಗೂ ತೊಂದರೆಯಾಗಿಲ್ಲ.

ಹಾಗಾದರೆ ನನ್ನ ಕವಲು ನನಗೆ ಸಾಕಲ್ಲವೇ, ನಿನಗೆ ಯಾಕೆ ಬರೆಯಬೇಕು? ಅದನ್ನು ಹೇಳಲೆಂದೇ ಈ ಪತ್ರ.

ನನಗೆ ಒಂದು ಅಭ್ಯಾಸವಿದೆ. ಯಾರದಾದರೂ ಕೋಡ್ ಓದುವ ಮುಂಚೆ ಅವರು ಪ್ರತಿ ಬದಲಾವಣೆಯ ಕೆಳಗೆ ಬರೆದ ಟಿಪ್ಪಣಿಗಳನ್ನು ಓದುತ್ತೇನೆ. ಕೋಡ್ ಯಂತ್ರಕ್ಕೆ ಬರೆದದ್ದು, ಟಿಪ್ಪಣಿ ಮನುಷ್ಯರಿಗೆ. ಮಾರ್ಚ್‌ವರೆಗೆ ನೀನು ಪೂರ್ತಿ ವಾಕ್ಯ ಬರೆಯುತ್ತಿದ್ದೆ. 'ಪೆರುವಿನವರು ಹೇಳಿದ್ದೇ ಸರಿ, ನಾನು ಅವಸರಪಟ್ಟೆ' ಎಂದು ಒಂದು ಕಡೆ ಇತ್ತು, ಓದಿ ನಿನ್ನನ್ನು ಕಂಡಷ್ಟೇ ಸಂತೋಷವಾಗಿತ್ತು. ಏಪ್ರಿಲ್‌ನಲ್ಲಿ 'ಸರಿಪಡಿಸಿದೆ.' ಮೇ ತಿಂಗಳಲ್ಲಿ 'ಮತ್ತೆ.' ಜೂನ್‌ನಿಂದ ಬರೀ ಒಂದು ಚುಕ್ಕಿ. ದಿನಕ್ಕೆ ನಾಲ್ಕು ಬದಲಾವಣೆ, ನಾಲ್ಕು ಚುಕ್ಕಿ. ಕಾರ್ಖಾನೆ ಮುಚ್ಚುವ ವರ್ಷ ನಮ್ಮ ಮುಖ್ಯ ಎಂಜಿನಿಯರು ದಿನಚರಿ ಪುಸ್ತಕದಲ್ಲಿ ಹೀಗೇ ಬರೆಯತೊಡಗಿದ್ದರು. ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಅದು ನನಗೆ ಇನ್ನೂ ನೋವು.

ಜೇಬುದಾರಿ ನಿನ್ನ ಹೆಗಲಿನಿಂದ ಇಳಿಯಲಿ ಎಂದು ಕವಲು ತೆಗೆದೆ. ನೀನು ಅದನ್ನು ಕೋಪ ಅಂದುಕೊಂಡೆಯಾ? ಸಿಟ್ಟಿನಲ್ಲಿ ಬರೆದಿದ್ದೆ, ಅದೂ ನಿಜ. ಹೇಗಿದ್ದೀಯ, ಕಂದ? ಪ್ರೋಗ್ರಾಮಿನ ವಿಷಯ ಬೇಡ.

ಒದಾಲಿಸ್


ರೊಸಾರಿಯೋ
20 ನವೆಂಬರ್ 2023

ಒದಾಲಿಸಮ್ಮ,

ಹೀಗೆ ಕರೆಯಬಹುದೇ? ಕರೆದಾಯಿತು.

ನಿಮ್ಮ ಪತ್ರವನ್ನು ಕಾಂದೆಲಾ ಗಟ್ಟಿಯಾಗಿ ಓದಿದಳು. ಚುಕ್ಕಿಯ ಭಾಗ ಬಂದಾಗ ಓದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಮಗ್ಗುಲಲ್ಲೇ ಮಲಗೋ ನನಗೆ ಗೊತ್ತಾಗಿದ್ದು ಆಗಸ್ಟಲ್ಲಿ. ಆಯಮ್ಮನಿಗೆ ಸಮುದ್ರದ ಆಚೆಯಿಂದ ಜೂನಲ್ಲೇ ಗೊತ್ತಾಗಿತ್ತು" ಎಂದಳು. ನಾನು ಅತ್ತುಬಿಟ್ಟೆ. ನಾಚಿಕೆಯಿಲ್ಲದೆ ಹೇಳುತ್ತಿದ್ದೇನೆ.

ನಾನು ಚೆನ್ನಾಗಿರಲಿಲ್ಲ. ಮುನ್ನೂರ ಹನ್ನೆರಡು ದೂರುಗಳು ತೆರೆದಿದ್ದವು. ಬೆಳಿಗ್ಗೆ ಕಂಪ್ಯೂಟರ್ ತೆರೆಯುವ ಮುಂಚೆ ತಿಂಡಿ ತಟ್ಟೆಯನ್ನು ಮುಟ್ಟದೆ ಸರಿಸುತ್ತಿದ್ದೆ. ಯಾರೂ ನನಗೆ ಇದನ್ನು ಮಾಡೆಂದಿರಲಿಲ್ಲ, ಹಾಗಾಗಿ ಸಾಕು ಎನ್ನಲೂ ಯಾರೂ ಇರಲಿಲ್ಲ. ಕೆಲಸ ಕಡಿಮೆ ಮಾಡಿಕೊಳ್ಳಲು ನನಗೆ ತಿಳಿದದ್ದು ಒಂದೇ, ಏನನ್ನಾದರೂ ಕತ್ತರಿಸುವುದು. ಎರಡು ಎನ್ನುವ ಅಂಕಿ ಕಂಡಾಗ ನನಗೆ ಸಂತೋಷವಾಗಿತ್ತು. ಆ ಎಣಿಕೆ ತಪ್ಪು ಎಂದು ನಿಮ್ಮ ಹಾಜರಿಯ ಮಾತು ಓದಿದ ಅರ್ಧ ನಿಮಿಷದಲ್ಲೇ ತಿಳಿದಿತ್ತು. ಒಪ್ಪಿದರೆ ಕತ್ತರಿಸುವ ಹಾಗಿಲ್ಲವಲ್ಲ, ಅದಕ್ಕೇ ರೇಗಿದೆ. ನೀವು ಕವಲು ತೆಗೆದಾಗ, ಉಳಿದಿದ್ದ ಒಬ್ಬ ಸ್ನೇಹಿತರೂ ಹೋದರು ಎಂದುಕೊಂಡೆ. ಆ ಎರಡು ಸಾಲು ಬರೆದು ಕಳಿಸಿ, ಪರಾನಾ ನದಿಯ ದಂಡೆಯಲ್ಲಿ ಸಂಜೆಯವರೆಗೂ ಕೂತಿದ್ದೆ.

ಅರವತ್ತನಾಲ್ಕು ಮಕ್ಕಳ ವಿಷಯದಲ್ಲಿ ತಪ್ಪು ನನ್ನದೇ. ನೀವಿಯಾ ಅವರ ಬೆನ್ನಿಗೆ ನನ್ನ ಕ್ಷಮಾಪಣೆ ತಿಳಿಸಿ. ನಿಮ್ಮ ಕವಲನ್ನು ಮುಖ್ಯ ಒರ್ನೇರೋಗೆ ಮರಳಿ ಸೇರಿಸಿದ್ದೇನೆ. ಆ ಎಣಿಕೆಯನ್ನು ಕಿತ್ತುಹಾಕಿದ್ದೇನೆ. ಟಿಪ್ಪಣಿಯಲ್ಲಿ ಪೂರ್ತಿ ವಾಕ್ಯ ಬರೆದಿದ್ದೇನೆ, ಓದಿ.

ಇನ್ನೊಂದು. ಒರ್ನೇರೋದ ಬೀಗದ ಕೈ ನಿಮಗೆ ಕೊಡಬೇಕೆಂದು ಇದರ ಜೊತೆಗೇ ಇಟ್ಟಿದ್ದೇನೆ. ಅರ್ಧ ಅಲ್ಲ, ಪೂರ್ತಿ. ಅದಕ್ಕೆ ಈಗ ನನಗಿಂತ ನೀವು ಒಳ್ಳೆಯವರು. ಒಪ್ಪದಿದ್ದರೆ ಮುಚ್ಚಿಬಿಡುತ್ತೇನೆ. ಒಪ್ಪಿದರೆ, ಬಿಟ್ಟು ಓಡಿದವನು ಎಂದು ಎಲ್ಲರೂ ನನ್ನನ್ನು ಬೈಯುತ್ತಾರೆ. ಬೈಯಲಿ. ನೀವು ಬೈಯದಿದ್ದರೆ ಸಾಕು.

ನಿಮ್ಮ
ಲಿಸಾಂದ್ರೋ


ಮನಿಕಾರಾಗುವಾ
9 ಡಿಸೆಂಬರ್ 2023

ಕಂದ ಲಿಸಾಂದ್ರೋ,

ಒಪ್ಪಿದ್ದೇನೆ. ಆದರೆ ನನ್ನ ಮನೆಯಲ್ಲಿ ನನ್ನ ಪದ್ಧತಿ. ತಿದ್ದುಪಡಿಗಳು ಪತ್ರದಲ್ಲಿ ಬರಬೇಕು. ಕರೆಂಟು ಇದ್ದಾಗ ಓದುತ್ತೇನೆ. ತಿಂಗಳಿಗೊಮ್ಮೆ ಸಾಂತಾ ಕ್ಲಾರಾಗೆ ಹೋದಾಗ ಹೊಸ ಆವೃತ್ತಿ ಬಿಡುತ್ತೇನೆ. ಇದನ್ನು ಪುಟದಲ್ಲಿ ಬರೆದಾಗ ಒಬ್ಬ ಮಹಾಶಯ, "ಒಂದು ತಿಂಗಳು ಕಾಯೋದಾ? ಯಾವ ಕಾಲದಲ್ಲಿದ್ದೀರಿ?" ಎಂದು ಕೇಳಿದ. "ನೀವು ಇರೋ ಕಾಲದಲ್ಲೇ, ಸ್ವಲ್ಪ ಬೇರೆ ಊರಲ್ಲಿ" ಎಂದು ಉತ್ತರಿಸಿದೆ. ಆಮೇಲೆ ಅವನೇ ಒಂದು ಒಳ್ಳೆಯ ತಿದ್ದುಪಡಿ ಕಳಿಸಿದ. ಲೀಮಾದವರು ಇಬ್ಬರು, ಅಸುನ್ಸಿಯೋನಿನ ಹುಡುಗಿಯೊಬ್ಬಳು ಸಹಾಯಕ್ಕೆ ಬಂದಿದ್ದಾರೆ. ನಿನ್ನ ರೋಬೋಟಿಗೆ ಪಿಂಚಣಿ ಕೊಟ್ಟು ಮನೆಗೆ ಕಳಿಸಿದ್ದೇನೆ.

ನಿನಗೆ ಬೈಯುವುದಿಲ್ಲ. ಬೈಯಲು ಬಂದವರಿಗೆ ನಾನು ಹೇಳುವುದು ಇಷ್ಟೇ: ಅವನು ಒಂಬತ್ತು ವರ್ಷ ಕೊಟ್ಟ. ಕೊಟ್ಟದ್ದು ಸಾಲವಲ್ಲ, ಕೊಡುಗೆ. ಕೊಡುಗೆ ಕೊಟ್ಟವನು ಬಾಗಿಲಲ್ಲೇ ನಿಂತಿರಬೇಕಾಗಿಲ್ಲ.

ನಾನು ಜಗಳವಾಡಿದ್ದು ಜೇಬುದಾರಿಗಾಗಿ ಎಂದು ನೀನು ತಿಳಿದಿದ್ದೆ, ನಾನೂ ಹಾಗೇ ತಿಳಿದಿದ್ದೆ. ಜೇಬುದಾರಿ ಆಗಸ್ಟ್‌ನಲ್ಲೇ ನನ್ನ ಕೈಯಲ್ಲಿತ್ತು. ಆಮೇಲೆಯೂ ಪ್ರತಿ ಸಲ ಇಂಟರ್ನೆಟ್ ಬಂದಾಗ ಮೊದಲು ನೋಡುತ್ತಿದ್ದದ್ದು ನಿನ್ನ ಟಿಪ್ಪಣಿಗಳನ್ನು. ನೀನು ಬೇಕು ನನಗೆ, ಪ್ರೋಗ್ರಾಮ್ ಬರೆದರೂ ಬರೆಯದಿದ್ದರೂ. ಈಗ ಹೋಗು, ನದಿಯಲ್ಲಿ ಮೀನು ಹಿಡಿ, ಕಾಂದೆಲಾ ಹೇಳಿದ ಹಾಗೆ ಕೇಳು. ಒರ್ನೇರೋ ಕಡೆ ತಿರುಗಿಯೂ ನೋಡಬೇಡ. ಪತ್ರ ಬರೆಯಬೇಕೆನಿಸಿದರೆ ಬರೆ, ಕೋಡಿನ ವಿಷಯ ಇದ್ದರೆ ಓದದೆ ಅಳಿಸಿಹಾಕುತ್ತೇನೆ.

ನಿನ್ನ
ಒದಾಲಿಸಮ್ಮ


ರೊಸಾರಿಯೋ
27 ಮೇ 2024

ಒರ್ನೇರೋದ ಮಾನ್ಯ ನಿರ್ವಾಹಕರಿಗೆ,

ನನ್ನ ಹೆಸರು ಲಿಸಾಂದ್ರೋ. ವಯಸ್ಸು ಮೂವತ್ತೈದು. ನಿಮ್ಮ ಯೋಜನೆಗೆ ನಾನು ಹೊಸಬ. ಹಳೆಯ ಆವೃತ್ತಿಗಳ ಕೋಡನ್ನು ಅಲ್ಲಿ ಇಲ್ಲಿ ನೋಡಿದ್ದೇನೆ. ಕೆಲವು ಕಡೆ ಬರೆದವನು ತುಂಬಾ ಆಯಾಸದಲ್ಲಿದ್ದಂತೆ ಕಾಣುತ್ತದೆ. ಉಳಿದಂತೆ ಕೆಟ್ಟದಾಗಿಲ್ಲ.

ಆರು ತಿಂಗಳು ಕಂಪ್ಯೂಟರಿನಲ್ಲಿ ಕಂಪನಿಯ ಕೆಲಸ ಬಿಟ್ಟು ಬೇರೇನನ್ನೂ ಮಾಡಲಿಲ್ಲ. ಹೋದ ವಾರ ಊಟ ಮಾಡುತ್ತಿರುವಾಗ, ಪೆನ್‌ಡ್ರೈವ್ ತುಂಬಿದ್ದರೆ ಚೂರುಗಳನ್ನು ಇನ್ನೂ ಚೆನ್ನಾಗಿ ಹಂಚುವುದು ಹೇಗೆ ಎಂದು ತಾನಾಗಿ ಹೊಳೆಯಿತು. ತಟ್ಟೆ ಸರಿಸಲಿಲ್ಲ. ಹಸಿವು ಹೆಚ್ಚಾಯಿತು. ನನ್ನ ಹೆಂಡತಿ, "ಆ ಮುಖ ನೋಡಿ ವರ್ಷ ಆಯ್ತು, ಅವರಿಗೆ ಬರಿ" ಎಂದಳು.

ವಾರಕ್ಕೆ ಒಂದು ಸಂಜೆ, ಗುರುವಾರ, ನಾನು ಬಿಡುವಾಗಿರುತ್ತೇನೆ. ಅದಕ್ಕಿಂತ ಹೆಚ್ಚು ಕೊಡಲಾರೆ, ನೀವು ಕೇಳಿದರೂ ಕೊಡುವುದಿಲ್ಲ. ಹೊಸಬರು ಮಾಡಬಹುದಾದ ಸಣ್ಣ ಕೆಲಸ ಯಾವುದಾದರೂ ನಿಮ್ಮಲ್ಲಿದೆಯೇ?

ವಿಶ್ವಾಸವಿರಲಿ,
ಲಿಸಾಂದ್ರೋ ಬೆಲ್ಮೋಂತೆ